ಉಪ್ಪಿಲ್ಲದ ಕಡಲು, ಕನ್ನಡದ ಪುಸ್ತಕ

ಮಂಗಳೂರು, ಕುಂದಾಪುರ, ಕಾರವಾರದ ಕಡೆಯಿಂದ ಬಂದ ನೆಂಟರನ್ನು ಮೊದಲ ಸಲ ಮಿಶಿಗನ್ ಸರೋವರದ ದಂಡೆಗೆ ಕರೆದೊಯ್ದವರಿಗೆ ಒಂದು ನೋಟ ಪರಿಚಿತವೇ. ನೆಂಟರು ಚಪ್ಪಲಿ ಬಿಟ್ಟು ನೀರಿಗಿಳಿಯುತ್ತಾರೆ, ಒಂದು ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ, "ಇದೆಂಥ ಮಾರಾಯ್ರೇ, ಉಪ್ಪೇ ಇಲ್ಲ!" ಎನ್ನುತ್ತಾರೆ. ಅಲೆಯುಂಟು, ಮರಳುಂಟು, ಆಚೆಯ ದಡ ಕಾಣದಷ್ಟು ನೀರುಂಟು. ಉಪ್ಪು ಮಾತ್ರ ಇಲ್ಲ, ಉಬ್ಬರವಿಳಿತವೂ ಕಣ್ಣಿಗೆ ಕಾಣುವಷ್ಟಿಲ್ಲ. 307 ಮೈಲಿ ಉದ್ದ, ಅತಿ ಆಳವಿರುವಲ್ಲಿ 923 ಅಡಿ ಇರುವ ಈ ಜಲರಾಶಿಯನ್ನು ಕೆರೆಯೆಂದು ಕರೆಯಲು ನಾಲಗೆ ಏಳುವುದಿಲ್ಲ. ಉಪ್ಪಿಲ್ಲದ ಕಡಲು ಎಂದರೇ ಸರಿ.

ಕರ್ನಾಟಕದ ಕರಾವಳಿ 300 ಕಿಲೋಮೀಟರಿಗೆ ತುಸು ಮೇಲೆ. ಮಿಶಿಗನ್ ರಾಜ್ಯವೊಂದಕ್ಕೇ 3000 ಮೈಲಿಗೂ ಮಿಕ್ಕ ತೀರವಿದೆ. ಆ ರಾಜ್ಯದಲ್ಲಿ ಎಲ್ಲಿ ನಿಂತರೂ 85 ಮೈಲಿಯೊಳಗೆ ಯಾವುದಾದರೊಂದು ಮಹಾಸರೋವರ ಸಿಗುತ್ತದೆ. ಶಿಕಾಗೋದವರಿಗಂತೂ ಊರಿನ ಪೂರ್ವದ ಗೋಡೆಯೇ ನೀರು. ಆದ್ದರಿಂದ ವಿದ್ಯಾರಣ್ಯ ಕನ್ನಡ ಕೂಟದ ಬಂಧುಗಳಿಗಾಗಲಿ, ಡೆಟ್ರಾಯ್ಟಿನ ಪಂಪ ಕನ್ನಡ ಕೂಟದ ಬಂಧುಗಳಿಗಾಗಲಿ ದಂಡೆಗೆ ಬಡತನವಿಲ್ಲ. ಪುಸ್ತಕಕ್ಕೂ ಬಡತನವಿಲ್ಲ. ಊರಿಗೆ ಹೋಗಿ ಬಂದಾಗಲೆಲ್ಲ ಚಟ್ನಿಪುಡಿ, ಹಪ್ಪಳಗಳ ನಡುವೆ ನಾಲ್ಕು ಕನ್ನಡ ಪುಸ್ತಕಗಳನ್ನು ತೂರಿಸಿ, ವಿಮಾನದವರ ತಕ್ಕಡಿಯ ಮುಂದೆ ದೇವರನ್ನು ನೆನೆದವರೇ ನಾವೆಲ್ಲ. ಬಡತನವಿರುವುದು ದಂಡೆ, ಪುಸ್ತಕ ಎರಡನ್ನೂ ಒಂದೆಡೆ ಸೇರಿಸುವ ಬಿಡುವಿಗೆ. ಆ ಬಿಡುವನ್ನು ನಾವಾಗಿಯೇ ಮಾಡಿಕೊಳ್ಳದಿದ್ದರೆ ನಮ್ಮ ಮನೆಗಳ ಕನ್ನಡ ಪುಸ್ತಕಗಳ ಗತಿ ಏನಾದೀತು ಎಂಬುದೇ ಈ ಲೇಖನದ ಚಿಂತೆ.

ನಾವು ಬೀಚಿಗೆ ಹೋಗುವ ರೀತಿ ಎಲ್ಲರಿಗೂ ಗೊತ್ತು. ಆರು ಕಾರು, ಎರಡು ಕೊಳದಪ್ಪಲೆ ಚಿತ್ರಾನ್ನ, ಮೊಸರನ್ನ, ಕೆಂಡದ ಮೇಲೆ ಜೋಳ, ಮಕ್ಕಳ ವಾಲಿಬಾಲು, ಹೆಂಗಸರ ಅಂತ್ಯಾಕ್ಷರಿ. ಅದು ಬೇಕು, ಅದಿಲ್ಲದಿದ್ದರೆ ಕೂಟವೇ ಇಲ್ಲ. ಆದರೆ ಇಲ್ಲಿ ಹೇಳಹೊರಟಿರುವುದು ಇನ್ನೊಂದು ಬಗೆಯ ಪಯಣ. ಒಂದೇ ಕುಟುಂಬ, ಎರಡು ಮೂರು ದಿನ, ಜನ ಕಡಿಮೆಯಿರುವ ಒಂದು ದಂಡೆ, ಒಂದು ಪುಸ್ತಕ.

ಎಲ್ಲಿಗೆ ಹೋಗುವುದು?

ಶಿಕಾಗೋದವರಿಗೆ ತೀರ ಹತ್ತಿರದ್ದು ಇಂಡಿಯಾನಾ ಡ್ಯೂನ್ಸ್, ಸುಮಾರು 50 ಮೈಲಿ. 1966ರಲ್ಲಿ ರಾಷ್ಟ್ರೀಯ ಸರೋವರ ತೀರವೆಂದು ರಕ್ಷಣೆ ಪಡೆದ ಇದು 2019ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 15 ಮೈಲಿ ತೀರ. ಆಚೀಚೆ ಉಕ್ಕಿನ ಕಾರ್ಖಾನೆಗಳ ಚಿಮಣಿ. ಕಾರಿಲ್ಲದೆ ರೈಲಿನಲ್ಲೂ ಹೋಗಿಬರಬಹುದು. ಜುಲೈ ತಿಂಗಳ ಭಾನುವಾರ ಇಲ್ಲಿ ಏಕಾಂತ ಹುಡುಕುವುದು ಚಿಕ್ಕಪೇಟೆಯಲ್ಲಿ ಹುಡುಕಿದ ಹಾಗೆ. ಲೇಬರ್ ಡೇ ಕಳೆದ ಮೇಲೆ ವಾರದ ನಡುವೆ ಹೋದರೆ ಗಾಳಿ, ಹಕ್ಕಿ, ಮರಳು ಮಾತ್ರ.

ಎರಡೂ ಊರಿನವರಿಗೆ ಒಗ್ಗುವಂಥದ್ದು ಸಾಗಟಕ್ ಸುತ್ತಿನ ದಂಡೆ. ಶಿಕಾಗೋದಿಂದ ಎರಡು ಗಂಟೆಯ ಮೇಲೆ, ಡೆಟ್ರಾಯ್ಟಿನಿಂದ ಸುಮಾರು ಮೂರು ಗಂಟೆ. ಇಲ್ಲಿ ನಮಗೆ ತಲಕಾಡನ್ನು ನೆನಪಿಸುವ ಒಂದು ಸಂಗತಿಯಿದೆ. ಕಲಮಜೂ ನದಿ ಸರೋವರ ಸೇರುವಲ್ಲಿ 1830ರ ದಶಕದಲ್ಲಿ ಸಿಂಗಪುರವೆಂಬ ಹೆಸರಿನದೇ ಒಂದು ಊರು ಎದ್ದಿತು. ಸ್ವಂತ ಬ್ಯಾಂಕು, ಸ್ವಂತ ನೋಟು ಸಹ ಇತ್ತು. ಮರ ಕೊಯ್ಯುವುದೇ ಅದರ ಕಸುಬು. 1871ರ ಅಕ್ಟೋಬರಿನಲ್ಲಿ ಶಿಕಾಗೋ ಸುಟ್ಟುಹೋದಾಗ ಅದನ್ನು ಮತ್ತೆ ಕಟ್ಟಲು ಮರಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಸುತ್ತಲಿನ ಕಾಡನ್ನೆಲ್ಲ ಬೋಳಿಸಿದರು. ಬೇರು ಹಿಡಿದಿಟ್ಟಿದ್ದ ಮರಳು ಸಡಿಲವಾಯಿತು, ಗಾಳಿಗೆ ನಡೆದು ಬಂತು, ಕೆಲವೇ ವರ್ಷಗಳಲ್ಲಿ ಇಡೀ ಊರನ್ನು ಹೊದ್ದಿಸಿತು. ತಲಕಾಡು ಮರಳಾದದ್ದಕ್ಕೆ ನಾವು ಅಲಮೇಲಮ್ಮನ ಶಾಪದ ಕಥೆ ಹೇಳುತ್ತೇವೆ. ಇಲ್ಲಿಯವರಿಗೆ ಶಾಪ ಹಾಕಲು ಯಾವ ಅಮ್ಮನೂ ಬೇಕಾಗಲಿಲ್ಲ, ಗರಗಸವೇ ಸಾಕಾಯಿತು. ಮಕ್ಕಳಿಗೆ ಈ ಎರಡು ಕಥೆಗಳನ್ನೂ ಆ ದಿಬ್ಬದ ಮೇಲೆಯೇ ಕೂಡಿಸಿ ಹೇಳಬೇಕು.

ಇನ್ನೂ ದೂರಕ್ಕೆ ಮನಸ್ಸಿದ್ದವರಿಗೆ ಸ್ಲೀಪಿಂಗ್ ಬೇರ್ ಡ್ಯೂನ್ಸ್. ಡೆಟ್ರಾಯ್ಟಿನಿಂದ ನಾಲ್ಕೂವರೆ ಐದು ಗಂಟೆ, ಶಿಕಾಗೋದಿಂದ ಐದೂವರೆ ಆರು ಗಂಟೆ. (ಶಿಕಾಗೋದವರು ದಾರಿಯಲ್ಲಿ ಗಡಿಯಾರದ ಒಂದು ಗಂಟೆಯನ್ನೂ ಕಳೆದುಕೊಳ್ಳುತ್ತಾರೆ, ಬರುವಾಗ ಅದು ಬಡ್ಡಿಯಿಲ್ಲದೆ ವಾಪಸು ಸಿಗುತ್ತದೆ.) 1970ರಲ್ಲಿ ರಕ್ಷಿತ ತೀರವಾದ ಇಲ್ಲಿ ಮರಳಿನ ದಿಣ್ಣೆಗಳು ನೀರಿನಿಂದ 400 ಅಡಿಗೂ ಮೇಲೆ ಏಳುತ್ತವೆ. ಈ ನೆಲದ ಮೂಲನಿವಾಸಿಗಳು ಹೇಳುವ ಕಥೆ ಹೀಗೆ: ಆಚೆಯ ದಡದ ಕಾಳ್ಗಿಚ್ಚಿಗೆ ಹೆದರಿ ಒಂದು ತಾಯಿ ಕರಡಿ ಎರಡು ಮರಿಗಳೊಡನೆ ಈಜಿ ಹೊರಟಿತು. ತಾಯಿ ದಡ ಮುಟ್ಟಿತು, ಮರಿಗಳು ಮುಳುಗಿದವು. ಕಾದು ಕಾದು ಮಲಗಿದ ತಾಯಿಯೇ ಮರಳ ದಿಬ್ಬವಾಯಿತು. ಮರಿಗಳು ಉತ್ತರ, ದಕ್ಷಿಣ ಮ್ಯಾನಿಟೂ ದ್ವೀಪಗಳಾದವು. ದಕ್ಷಿಣ ಮ್ಯಾನಿಟೂವಿನಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ. ಡೇರೆ ಹಾಕಿಯೇ ಇರಬೇಕು. ಹಳೆಯ ದೀಪಸ್ತಂಭವೊಂದಿದೆ. 1960ರ ನವೆಂಬರಿನಲ್ಲಿ ದಡಕ್ಕೆ ಬಡಿದು ನಿಂತ ಫ್ರಾನ್ಸಿಸ್ಕೋ ಮೊರಾಜಾನ್ ಎಂಬ ಹಡಗಿನ ತುಕ್ಕು ಹಿಡಿದ ಒಡಲು ಕಾಣುತ್ತದೆ. ದೋಣಿ ಬೇಸಿಗೆಯಲ್ಲಿ ಮಾತ್ರ. ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಡೆಟ್ರಾಯ್ಟಿನವರಿಗೆ ಎರಡು ಮೂರು ಗಂಟೆಯಲ್ಲೇ ಸಿಗುವ ಏಕಾಂತವೆಂದರೆ ಹ್ಯೂರಾನ್ ಸರೋವರದ ಪೋರ್ಟ್ ಆಸ್ಟಿನ್ ಕಡೆ, ಮಿಶಿಗನ್ ಕೈಯ ಹೆಬ್ಬೆರಳಿನ ತುದಿ. ಇಡೀ ಒಂದು ದಿನದ ಪಯಣಕ್ಕೆ ಸಿದ್ಧರಾದವರಿಗೆ ಸುಪೀರಿಯರ್ ಸರೋವರದ ಟ್ವೆಲ್ವ್‌ಮೈಲ್ ಬೀಚ್. ಅಲ್ಲಿ ಜೂನಿನಲ್ಲಿ ಹೋದರೆ ನಾವು ಪುಸ್ತಕ ಓದುವುದಿಲ್ಲ, ನೊಣಗಳು ನಮ್ಮನ್ನು ಓದುತ್ತವೆ. ಸೆಪ್ಟೆಂಬರೇ ಕಾಲ.

ಒಂದು ಎಚ್ಚರಿಕೆ. ಉಪ್ಪಿಲ್ಲವೆಂದು ಈ ನೀರನ್ನು ಸಾಧುವೆಂದು ತಿಳಿಯಬಾರದು. ಸಿಹಿನೀರಿನಲ್ಲಿ ತೇಲುವುದು ಉಪ್ಪುನೀರಿಗಿಂತ ಕಷ್ಟ. ಗಾಳಿಯೆದ್ದ ದಿನ ದಡದಿಂದ ಒಳಕ್ಕೆ ಸೆಳೆಯುವ ಪ್ರವಾಹಗಳು ಏಳುತ್ತವೆ. ಕಟ್ಟೆಗಳ ಪಕ್ಕದಲ್ಲಿ ಸೆಳೆತ ಇನ್ನೂ ಹೆಚ್ಚು. ಕೆಂಪು ಬಾವುಟ ಕಂಡ ದಿನ ಪುಸ್ತಕವೇ ಕ್ಷೇಮ.

ಅಚ್ಚಿನ ಪುಸ್ತಕವೇ ಏಕೆ?

ಇಂದು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ಟಿನಲ್ಲಿ ಸಾವಿರಗಟ್ಟಲೆ ಸಿಗುತ್ತವೆ. ಅದು ದೊಡ್ಡ ಉಪಕಾರ, ಬೇಡವೆನ್ನುವವರು ಯಾರು? ಆದರೆ ಬಿಸಿಲಿನಲ್ಲಿ ಫೋನಿನ ಪರದೆ ಕಾಣುವುದಿಲ್ಲ ಎಂಬುದು ಒಂದು. ಫೋನಿನಲ್ಲಿ ಪುಸ್ತಕವು ನೂರು ಗಿರಾಕಿಗಳ ನಡುವೆ ಒಬ್ಬ ಗಿರಾಕಿ ಎಂಬುದು ಇನ್ನೊಂದು. ಕಾರಂತರು ನಾಲ್ಕು ಸಾಲು ಹೇಳುವಷ್ಟರಲ್ಲಿ ಬಾಗಿಲು ಬಡಿದು ಯಾರೋ ಬರುತ್ತಾರೆ: ಬ್ಯಾಂಕಿನವರು, ವಾಟ್ಸಾಪಿನ ಸೋದರಮಾವ, ಷೇರು ಪೇಟೆ. ಅಚ್ಚಿನ ಪುಸ್ತಕಕ್ಕೆ ಅಂಥ ಬಾಗಿಲಿಲ್ಲ. ದೂರದ ದಂಡೆಗೂ ಇಲ್ಲ. ಅದಕ್ಕೇ ಇವೆರಡೂ ಒಂದಕ್ಕೊಂದು ಹೇಳಿಮಾಡಿಸಿದ ಜೋಡಿ.

ಕನ್ನಡದ ಅಚ್ಚಿಗೂ ಕಡಲಿಗೂ ಹಳೆಯ ನಂಟಿದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಟದ್ದು ಕಡಲ ತೀರದ ಮಂಗಳೂರಿನಿಂದ. ಸಂಪಾದಕ ಹರ್ಮನ್ ಮೋಗ್ಲಿಂಗ್. ಅಚ್ಚಿನ ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ. ಹಿಂದೆ ಕೈಬರಹವನ್ನೇ ಪಡಿಯಚ್ಚು ತೆಗೆಯುತ್ತಿದ್ದ ನಮ್ಮ ಕೂಟದ ಪತ್ರಿಕೆಗಳಿಗೆ ಅದು ದೂರದ ಮುತ್ತಜ್ಜನೇ ಸರಿ. 1894ರಲ್ಲಿ ಕಿಟ್ಟೆಲರ ಮಹಾನಿಘಂಟು ಅಚ್ಚಾದದ್ದೂ ಅದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ.

ಗೋಧಿ ತಂದ ಪುಸ್ತಕಗಳು

ನಮ್ಮಲ್ಲಿ ಹಿರಿಯರಿಗೆ ಪಿ.ಎಲ್. 480 ಎಂದರೆ ಗೋಧಿ. ರೇಷನ್ ಅಂಗಡಿಯ ಮುಂದೆ ಕೈಚೀಲ ಹಿಡಿದು ನಿಂತ ನೆನಪು. ಅದೇ ಗೋಧಿ ಶಿಕಾಗೋಕ್ಕೆ ಕನ್ನಡ ಪುಸ್ತಕಗಳನ್ನು ತಂದಿತು ಎಂಬುದು ಎಲ್ಲರಿಗೂ ತಿಳಿದಿರಲಾರದು.

1954ರ ಆ ಕಾನೂನಿನಂತೆ ಭಾರತ ಅಮೆರಿಕದ ಧಾನ್ಯಕ್ಕೆ ಡಾಲರಿನಲ್ಲಲ್ಲ, ರೂಪಾಯಿಯಲ್ಲಿ ಬೆಲೆ ಕೊಟ್ಟಿತು. ಆ ರೂಪಾಯಿ ಭಾರತದಲ್ಲಿಯೇ ಖರ್ಚಾಗಬೇಕಿತ್ತು. ಅದರಲ್ಲಿ ಒಂದು ಪಾಲನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದೆಹಲಿಯ ತನ್ನ ಕಛೇರಿಯ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಳ್ಳಲು ಬಳಸಿತು. ಕೊಂಡದ್ದನ್ನು ಇಲ್ಲಿಯ ವಿಶ್ವವಿದ್ಯಾಲಯಗಳಿಗೆ ಹಂಚಿತು. ಶಿಕಾಗೋ ವಿಶ್ವವಿದ್ಯಾಲಯವೂ ಆನ್ ಆರ್ಬರಿನ ಮಿಶಿಗನ್ ವಿಶ್ವವಿದ್ಯಾಲಯವೂ ಆ ಯೋಜನೆಯಲ್ಲಿದ್ದವು. ರೂಪಾಯಿ ಮುಗಿದ ಮೇಲೂ ಗ್ರಂಥಾಲಯಗಳು ತಮ್ಮ ಹಣ ಹಾಕಿ ಕೊಳ್ಳುವುದನ್ನು ಮುಂದುವರಿಸಿದವು. 1970ರಲ್ಲಿ ತೆರೆದ ಶಿಕಾಗೋದ ರೆಗನ್‌ಸ್ಟೈನ್ ಗ್ರಂಥಾಲಯದಲ್ಲಿ ಇಂದು ಕನ್ನಡದ ದೊಡ್ಡ ಸಂಗ್ರಹವೇ ಇದೆ.

ಅದೇ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಪಾಠ ಹೇಳಿದವರು ಎ. ಕೆ. ರಾಮಾನುಜನ್. ವಚನಗಳನ್ನು 1973ರಲ್ಲಿ, 'ಸಂಸ್ಕಾರ'ವನ್ನು 1976ರಲ್ಲಿ ಇಂಗ್ಲಿಷಿಗೆ ಕೊಟ್ಟರೆಂದು ಲೋಕ ಅವರನ್ನು ಬಲ್ಲದು. ಆದರೆ 'ಹೊಕ್ಕುಳಲ್ಲಿ ಹೂವಿಲ್ಲ' (1969), 'ಮತ್ತು ಇತರ ಪದ್ಯಗಳು' (1977), 'ಮತ್ತೊಬ್ಬನ ಆತ್ಮಚರಿತ್ರೆ' (1978) ಎಂಬ ಕನ್ನಡ ಪುಸ್ತಕಗಳನ್ನೂ ಅವರು ಹೊರತಂದದ್ದು ಈ ಸರೋವರದ ದಂಡೆಯ ಊರಿನಲ್ಲಿ ನೆಲೆಸಿದ್ದಾಗಲೇ. 'ಹೊಕ್ಕುಳಲ್ಲಿ ಹೂವಿಲ್ಲ' ಅಚ್ಚಾದದ್ದು ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಕನ್ನಡ ಬರೆಯಲು, ಓದಲು ಕನ್ನಡನಾಡಿನಲ್ಲೇ ಇರಬೇಕೆಂದೇನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಬೇಸ್‌ಮೆಂಟಿನ ಪೆಟ್ಟಿಗೆಗಳು

ಗ್ರಂಥಾಲಯದ ಪುಸ್ತಕಗಳಿಗೆ ಕಾಯುವವರಿದ್ದಾರೆ. ನಮ್ಮ ಮನೆಯವಕ್ಕೆ? ನೇಪರ್‌ವಿಲ್‌ನಲ್ಲಿರಲಿ, ಟ್ರಾಯ್‌ನಲ್ಲಿರಲಿ, ಮಕ್ಕಳು ದೊಡ್ಡವರಾಗಿ ಹೊರಟ ಮೇಲೆ ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗುವ ಕಾಲ ನಮ್ಮ ಹಿರಿಯ ಸದಸ್ಯರಿಗೆ ಬಂದಿದೆ. ಆಗ ಬೇಸ್‌ಮೆಂಟಿನಿಂದ ಪೆಟ್ಟಿಗೆಗಳು ಮೇಲೆ ಬರುತ್ತವೆ. ಪಾತ್ರೆಗೆ ಗಿರಾಕಿಯುಂಟು, ಸೋಫಾಕ್ಕೆ ಗಿರಾಕಿಯುಂಟು. ಕನ್ನಡ ಪುಸ್ತಕಗಳನ್ನು ಮಕ್ಕಳು ಗೌರವದಿಂದಲೇ ಎತ್ತಿ ನೋಡುತ್ತಾರೆ, ತಿರುಗಿಸಿ ನೋಡುತ್ತಾರೆ, "ಅಪ್ಪಾ, ಇದನ್ನು ಏನು ಮಾಡೋಣ?" ಎನ್ನುತ್ತಾರೆ. ಅವರಿಗೆ ಮಾತು ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಊರ ಲೈಬ್ರರಿಯ ಮಾರಾಟಕ್ಕೆ ಕೊಟ್ಟರೆ ಓದುವವರಿಲ್ಲವೆಂದು ಬದಿಗಿಡುತ್ತಾರೆ. ಕೊನೆಗೆ ಹಳೆಯ ಕಾಗದದ ಲಾರಿ.

ಇಲ್ಲಿ ಸುಪೀರಿಯರ್ ಸರೋವರದ ಬದಿಯ ಒಬ್ಬ ಹೆಣ್ಣುಮಗಳ ವಿಷಯ ಹೇಳಬೇಕು. ಜೇನ್ ಜಾನ್‌ಸ್ಟನ್ ಸ್ಕೂಲ್‌ಕ್ರಾಫ್ಟ್ 1800ರಲ್ಲಿ ಸೂ ಸೇಂಟ್ ಮರೀಯಲ್ಲಿ ಹುಟ್ಟಿದವಳು. ತಾಯಿ ಒಜಿಬ್ವೆ ಜನಾಂಗದವಳು, ತಂದೆ ಐರ್ಲೆಂಡಿನ ವ್ಯಾಪಾರಿ. ಇಂಗ್ಲಿಷಿನಲ್ಲೂ ತಾಯ್ನುಡಿಯಲ್ಲೂ ಕವಿತೆ ಬರೆದಳು. 1839ರಲ್ಲಿ ಗಂಡನ ಇಚ್ಛೆಯಂತೆ ಇಬ್ಬರು ಮಕ್ಕಳನ್ನು ಪೂರ್ವದ ಶಾಲೆಗಳಲ್ಲಿ ಬಿಟ್ಟು ಬರುವಾಗ ಅವಳ ದುಃಖ ಬಂದದ್ದು ಒಜಿಬ್ವೆ ನುಡಿಯಲ್ಲಿ. 1842ರಲ್ಲಿ ತೀರಿಕೊಂಡಳು. ಅವಳ ಬರಹಗಳೆಲ್ಲ ಒಂದು ಪುಸ್ತಕವಾಗಿ ಅಚ್ಚಾದದ್ದು 2007ರಲ್ಲಿ, 165 ವರ್ಷಗಳ ಮೇಲೆ. ಕಾಗದವನ್ನು ಯಾರೋ ಎಸೆಯದೆ ಇಟ್ಟಿದ್ದರಿಂದ ಅದು ಸಾಧ್ಯವಾಯಿತು. ನಮ್ಮ ಪುಸ್ತಕಗಳಾದರೋ ಆಗಲೇ ಅಚ್ಚಾಗಿವೆ. ನಮ್ಮ ಪಾಲಿಗೆ ಉಳಿದಿರುವ ಕೆಲಸ ಎಷ್ಟು ಹಗುರವೆಂದು ಇದರಿಂದ ತಿಳಿಯಬಹುದು.

ಕಾಪಾಡುವ ಬಗೆಯೂ ಕಷ್ಟದ್ದಲ್ಲ. ಹಿಂದಿನ ನಮ್ಮ ಎಷ್ಟೋ ಪುಸ್ತಕಗಳ ಕಾಗದದಲ್ಲಿ ಆಮ್ಲದ ಅಂಶವಿದೆ. ಕಂದಾಗಿ, ಪುಡಿಪುಡಿಯಾಗುವುದು ಅದರಿಂದಲೇ. ಬಿಸಿ, ತೇವ, ಬಿಸಿಲು ಇದನ್ನು ಬೇಗ ಮಾಡುತ್ತವೆ. ಆದ್ದರಿಂದ ಬೇಸ್‌ಮೆಂಟಿನಿಂದಲೂ ಗರಾಜಿನಿಂದಲೂ ಅವನ್ನು ಮೇಲಕ್ಕೆ ತನ್ನಿ, ಮನೆಯವರು ಓಡಾಡುವ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿ. ಗಾಳಿಯ ತೇವ ನೂರಕ್ಕೆ 35ರಿಂದ 50 ಇದ್ದರೆ ಸಾಕು. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ರಬ್ಬರ್ ಬ್ಯಾಂಡ್ ಬಿಗಿಯಬೇಡಿ. ದಂಡೆಗೆ ಒಯ್ಯಲು ಗಟ್ಟಿ ಪ್ರತಿಯನ್ನೇ ಆರಿಸಿ. ಮುಟ್ಟಿದರೆ ಮುರಿಯುವ ಅಜ್ಜನ ಪ್ರತಿ ಮನೆಯಲ್ಲೇ ಇರಲಿ.

ಒಬ್ಬರು ಓದಿ, ಉಳಿದವರು ಕೇಳಿ

ಕಾಪಾಡಿದರೆ ಮುಗಿಯಲಿಲ್ಲ. ತೆರೆಯದ ಪುಸ್ತಕ ಎಷ್ಟು ಚೆನ್ನಾಗಿದ್ದರೇನು? ಮಕ್ಕಳಿಗೆ ಅಕ್ಷರ ಬರುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಹಿರಿಯರೇ ಕೊಟ್ಟಿದ್ದಾರೆ. ಒಬ್ಬನೇ ಮೂಲೆಯಲ್ಲಿ ಕೂತು ಕಣ್ಣಿನಲ್ಲಿ ಓದುವುದು ಇತ್ತೀಚಿನ ಅಭ್ಯಾಸ. ಹಳ್ಳಿಯಲ್ಲಿ ಕುಮಾರವ್ಯಾಸ ಭಾರತ, ಜೈಮಿನಿ ಭಾರತಗಳನ್ನು ಒಬ್ಬರು ಓದಿದರೆ, ಒಬ್ಬರು ಅರ್ಥ ಹೇಳಿದರೆ, ಜಗುಲಿ ತುಂಬ ಜನ ಕೇಳುತ್ತಿದ್ದರು. ಕೇಳಿದವರಲ್ಲಿ ಎಷ್ಟು ಮಂದಿಗೆ ಅಕ್ಷರ ಬರುತ್ತಿತ್ತು? ಆದರೂ ಕರ್ಣನಿಗಾಗಿ ಅವರು ಅತ್ತರು. ಓದಲು ಬಾರದ ಮಗುವಿಗೆ ಕೇಳಲು ಬರುತ್ತದೆ. ಮನೆಯಲ್ಲಿ ಕರೆದರೆ ಕೋಣೆಯಿಂದ ಹೊರಬಾರದ ಹದಿಹರೆಯದವರು, ಟಿವಿಯಿಲ್ಲದ ಫೋನು ಸಿಗದ ದಂಡೆಯಲ್ಲಿ, ಸೂರ್ಯ ಮುಳುಗಲು ಇನ್ನೂ ಎರಡು ಗಂಟೆಯಿರುವಾಗ, ಬೇರೇನೂ ಇಲ್ಲದ್ದಕ್ಕಾದರೂ ಹತ್ತಿರ ಬಂದು ಕೂರುತ್ತಾರೆ. ಮೊದಲ ದಿನ ಮುಖ ಸಿಂಡರಿಸಿದರೆ ಚಿಂತೆಯಿಲ್ಲ. ಎರಡನೆಯ ದಿನ "ಆಮೇಲೆ ಏನಾಯ್ತು?" ಎಂಬ ಪ್ರಶ್ನೆ ಬಂದರೆ ಗೆದ್ದ ಹಾಗೆ.

ಏನು ಓದುವುದು? ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' (1979) ಇಲ್ಲಿಯವರಿಗೆಂದೇ ಇರುವಂತಿದೆ. ಅಜ್ಜ ಈ ದೇಶವನ್ನು ನೋಡಿ ಏನೆಂದರು ಎಂಬ ಕುತೂಹಲ ಮಕ್ಕಳಿಗೂ ಇರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಹಾರುವ ಓತಿಯ ಬೆನ್ನು ಹತ್ತಿದ ಕಥೆ, ಹುಡುಗರು ಬಿಡುವುದಿಲ್ಲ. ದೊಡ್ಡವರಿಗೆ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. ಕೋಟದ ಕಡಲ ತಡಿಯ ಮೂರು ತಲೆಮಾರಿನ ಆ ಕಾದಂಬರಿಯನ್ನು ಮರಳಿನ ಮೇಲೆ ಕೂತು ಓದುವುದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ. ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯ ಬಾಂದ್ರಾದ ಕಡಲಿಗೆ ಮುಖಮಾಡಿದ ಮನೆಯಲ್ಲಿ ಕೂತು ಬಾಳಿನುದ್ದಕ್ಕೂ ಹನೇಹಳ್ಳಿಯನ್ನೇ ಬರೆದ ಯಶವಂತ ಚಿತ್ತಾಲರ ಕಥೆಗಳು, ಊರು ಬಿಟ್ಟು ಬಂದ ನಮಗೆ ಬೇರೆ ಯಾರೂ ಹೇಳದ್ದನ್ನು ಹೇಳುತ್ತವೆ. ಗಟ್ಟಿಯಾಗಿ ಓದಿದರೆ ಗಂಟೆಗೆ ಹದಿನೈದು ಇಪ್ಪತ್ತು ಪುಟ ಸಾಗುತ್ತದೆ. ಮೂರು ದಿನಕ್ಕೆ 'ಕರ್ವಾಲೊ' ಮುಗಿಯಬಹುದು. 'ಮರಳಿ ಮಣ್ಣಿಗೆ' ಮುಗಿಯದು. ಮುಗಿಯದಿದ್ದರೆ ಒಳ್ಳೆಯದೇ, ಮುಂದಿನ ವರ್ಷ ಮತ್ತೆ ಹೋಗಲು ಕಾರಣ ಸಿಕ್ಕಿತು. ಮನೆಯಲ್ಲಿ ಇಲ್ಲದ ಪುಸ್ತಕವನ್ನು ನಿಮ್ಮ ಊರಿನ ಲೈಬ್ರರಿಯವರ ಬಳಿ ಕೇಳಿ. ಬೇರೆ ಗ್ರಂಥಾಲಯಗಳಿಂದ ಎರವಲು ತರಿಸಿಕೊಡುವ ವ್ಯವಸ್ಥೆ ಅವರಲ್ಲಿರುತ್ತದೆ. ನೀವು ಕೇಳಿದಷ್ಟೂ ಆ ಕನ್ನಡ ಪುಸ್ತಕಗಳಿಗೆ ಬೇಡಿಕೆಯುಂಟೆಂದು ದಾಖಲೆಯಾಗುತ್ತದೆ.

ಕೊನೆಯದಾಗಿ ಎರಡು ಕೋರಿಕೆ. ಪ್ರತಿಯೊಂದು ಪುಸ್ತಕದ ಒಳಹಾಳೆಯಲ್ಲಿ, ಯಾರು ಕೊಂಡದ್ದು, ಎಲ್ಲಿ, ಯಾವ ವರ್ಷ, ಯಾವ ದಂಡೆಯಲ್ಲಿ ಓದಿದ್ದು ಎಂದು ಪೆನ್ಸಿಲಿನಿಂದ ಬರೆದಿಡಿ. ಅಕ್ಷರ ಬಾರದ ಮಗಳಿಗಾಗಿ ಅದನ್ನೇ ಇಂಗ್ಲಿಷಿನಲ್ಲೂ ಬರೆಯಿರಿ. ಅಪ್ಪನ ಕೈಬರಹವಿರುವ ಪುಸ್ತಕವನ್ನು ಲಾರಿಗೆ ಹಾಕಲು ಯಾವ ಮಗುವಿಗೂ ಕೈ ಬಾರದು. ಎರಡನೆಯದು, ಮನೆ ಬದಲಿಸುವವರು ಪುಸ್ತಕಗಳ ಪಟ್ಟಿ ಮಾಡಿ ಕೂಟದ ಸಮಿತಿಗೆ ಒಂದು ಪ್ರತಿ ಕೊಡಿ. ಯುಗಾದಿಯ, ರಾಜ್ಯೋತ್ಸವದ ಊಟದ ದಿನ ಒಂದು ಮೇಜು ಹಾಕಿ ಅವನ್ನು ಇಟ್ಟರೆ ಕೊಂಡೊಯ್ಯುವವರಿದ್ದಾರೆ. ಹೊಸದಾಗಿ ಬಂದ ಕುಟುಂಬಗಳಲ್ಲಿ ಓದುವ ಹಸಿವಿನವರು ಬಹಳ. ಮುಂದಿನ ಬೇಸಿಗೆಯ ಪಯಣಕ್ಕೆ ಡೇರೆ, ಚಾಪೆ, ಸೊಳ್ಳೆಯೆಣ್ಣೆ, ಹುಳಿಯವಲಕ್ಕಿ ಎಂದು ಚೀಟಿ ಬರೆಯುವಾಗ ಪುಸ್ತಕದ ಹೆಸರನ್ನೂ ಸೇರಿಸಿ. ಮರಳು ಹಾಳೆಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಕೊಡವಬೇಕೆಂದೇನೂ ಇಲ್ಲ.